ಕೀ ತೆಗೆಯುವ ಮೊದಲು

ಕತಗಾಲ ದಾಟಿ ಮೂರನೆಯ ತಿರುವಿಗೆ
ಸುಮೋ ಉಸಿರು ಬಿಟ್ಟಿತು.
ನಿಲ್ಲಲಿಲ್ಲ, ಅದೇ ಕಷ್ಟ.
ನಿಂತಿದ್ದರೆ ಯಾರಾದರೂ ಎಳೆಯುತ್ತಿದ್ದರು.
ಪೂರ್ತಿ ಒತ್ತಿದರೂ ಎರಡನೇ ಗೇರಿನಲ್ಲಿ
ಒಲ್ಲೆ ಒಲ್ಲೆ ಅನ್ನುತ್ತಲೇ
ದೇವಿಮನೆ ಘಟ್ಟ ಹತ್ತಿತು.
ಒಳಗೆ ಹನ್ನೊಂದು ಪೆಟ್ಟಿಗೆ ಬಂಗಡೆ, ಕರಗುವ ಐಸು,
ಹಿಂದೆ ಹಾರ್ನ್ ಬಿಡದ ಕುಮಟಾ ಡಿಪೋದ ಬಸ್ಸು.
ಶಿರಸಿ ಪೇಟೆ ಮುಟ್ಟುವಾಗ ಹತ್ತೂಕಾಲು,
ಮೀನಿನ ಕಣ್ಣು ಮಂಕು.
ಕಿಲೋಗೆ ನಲವತ್ತು ಇಳಿಸಿ ಮಾರಿದೆ.

ಟರ್ಬೋ ಹೋಯ್ತು, ಎಂದ ಮೈದುನ ಉಮಾಕಾಂತ,
ಬಾನೆಟ್ ಎತ್ತದೆಯೇ.
ಟರ್ಬೋನೇ, ಎಂದ ಬಿಡಿಭಾಗದ ಅಂಗಡಿಯವನು,
ಇಪ್ಪತ್ತಾರು ಸಾವಿರ, ಹಳೆಯದು ಕೊಟ್ಟರೆ ಒಂದು ಸಾವಿರ ಕಡಿಮೆ.
ಐಸ್ ಫ್ಯಾಕ್ಟರಿಯ ಹುಡುಗನೂ ಹೇಳಿದ.
ಹದಿನೆಂಟು ವರ್ಷದ ಗಾಡಿಯನ್ನು ಬೈಯಲು
ಎಲ್ಲರಿಗೂ ಒಂದು ಶಬ್ದ ಸಿಕ್ಕಿತ್ತು.
ಹಿಂಬಾಗಿಲ ಸ್ಟಿಕರಿನಲ್ಲಿ ಅದು ಮೊದಲೇ ಇತ್ತು,
ಕೊನೆಯ ಅಕ್ಷರ ಉದುರಿ.

ಬಸ್ತ್ಯಾಂವನ ಗ್ಯಾರೇಜು ಕೋಡಿಬಾಗದಲ್ಲಿ,
ಕಾಳಿ ಸಮುದ್ರಕ್ಕೆ ಸೇರುವ ಕಡೆಯ ತಗಡಿನ ಶೆಡ್ಡು.
ಮೂವತ್ತು ವರ್ಷ ಟ್ರಾಲರ್ ಇಂಜಿನ್ ಕೇಳಿ
ಎಡಗಿವಿ ಮಂದ. ಬಲಗಿವಿ ಸಾಕು ಅನ್ನುತ್ತಾನೆ.

"ಹೊಗೆ ಯಾವ ಬಣ್ಣ?"
ಹೊಗೆ ಅಂದರೆ ಹೊಗೆ, ಎಂದೆ.
ಅವನು ನಗಲಿಲ್ಲ. ಬಿಳಿ ಪಂಚೆಯ ತುಂಡೊಂದನ್ನು
ಸೈಲೆನ್ಸರಿಗೆ ಹಿಡಿದು, ಒತ್ತು, ಎಂದ.
ಬಟ್ಟೆ ಕಪ್ಪಾಯಿತು.
"ನೀಲಿ ಅಲ್ಲ ನೋಡು ನಾಗವೇಣಿ, ಎಣ್ಣೆ ಸುಡ್ತಾ ಇಲ್ಲ.
ಡೀಸೆಲ್ ಉಂಟು, ಗಾಳಿ ಸಾಲದು.
ಹೊಟ್ಟೆ ತುಂಬ ಉಂಡು ಉಸಿರು ಸಿಗದವರ ಹಾಗೆ."

ಏರ್ ಫಿಲ್ಟರಿನ ಕೊಳವೆ ಬಿಚ್ಚಿ ಬೆರಳು ತೂರಿಸಿದ.
ಆಮೇಲೆ ನನ್ನದೂ ಇಡಿಸಿದ.
ಶಂಖದ ಹಾಗೆ ಸುತ್ತಿಕೊಂಡ ಲೋಹದೊಳಗೆ
ರೆಕ್ಕೆಯಿರುವ ಸಣ್ಣ ಚಕ್ರ.
ಅಕ್ಕಪಕ್ಕ ಕೂದಲೆಳೆಯಷ್ಟು ಅಲುಗಿತು,
ಹಿಂದೆ ಮುಂದೆ ಇಲ್ಲ.
ನಿಮಿಷಕ್ಕೆ ಲಕ್ಷ ಸುತ್ತು ಸುತ್ತುತ್ತದಂತೆ.
ಹತ್ತು ವರ್ಷ ನನ್ನ ಪಾದದಿಂದ ಮೂರಡಿ ದೂರದಲ್ಲಿತ್ತು,
ಮುಟ್ಟಿದ್ದು ಇವತ್ತು.

ಮತ್ತೆ ಕೇಳಿದ, ಬೇರೆ ಕಡೆ ನೋಡುತ್ತ:
"ಘಟ್ಟ ಹತ್ತಿ ಹೋದ ಕೂಡಲೇ ಕೀ ತೆಗೀತಿಯಾ?"
ಜನ ಕಾಯ್ತಿರ್ತಾರೆ, ಎಂದೆ.
"ತೆಗೆದರೂ ಅದು ತಿರುಗ್ತಾ ಇರ್ತದೆ.
ಎಣ್ಣೆ ಮಾತ್ರ ನಿಲ್ತದೆ."

ಇಷ್ಟಾದರೂ ರೋಗ ಸಿಕ್ಕಿರಲಿಲ್ಲ.
ಕೊಳವೆಯ ಬಾಯಿ ಬಿಗಿದು ಕಂಪ್ರೆಸರಿನ ಗಾಳಿ ಬಿಟ್ಟ,
ಸಾಬೂನು ನೀರು ಹಚ್ಚುತ್ತ ಹೋದ,
ಸೈಕಲ್ ಟ್ಯೂಬಿಗೆ ಹಚ್ಚುವ ಹಾಗೇ.
ಇಂಟರ್‌ಕೂಲರಿನ ಕೆಳಗಿನ ರಬ್ಬರ್ ಹೋಸು,
ಕ್ಲಿಪ್ಪಿನ ಮರೆಯಲ್ಲಿ,
ಒದ್ದೆ ಹೊಯ್ಗೆಯೊಳಗಿಂದ ಏಡಿ ಬಿಟ್ಟ ಹಾಗೆ
ಗುಳ್ಳೆ, ಗುಳ್ಳೆ, ಗುಳ್ಳೆ.
ಗಾಳಿ ನಿಲ್ಲಿಸಿದ, ಬಿರುಕು ಮುಚ್ಚಿಕೊಂಡಿತು.
ಕಣ್ಣಿಗೆ ಕಾಣದು, ಉಗುರಿಗೆ ಸಿಗದು.
ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವುದು.

ಹೋಸು ಹುಬ್ಬಳ್ಳಿಯಿಂದ ಬರಬೇಕು, ಏಳುನೂರ ಐವತ್ತು.
ಅಲ್ಲಿಯವರೆಗೆ ಲಾರಿ ಟ್ಯೂಬಿನ ಪಟ್ಟಿ, ಎರಡು ಕ್ಲಿಪ್ಪು.
ಕೂಲಿ ಎಷ್ಟು ಅಂದರೆ ಎರಡು ಕಿಲೋ ಶೆಟ್ಲಿ, ದೊಡ್ಡವು.
ಟರ್ಬೋ ಇನ್ನೆಷ್ಟು ದಿನ?
"ಕೊಳವೆಯಲ್ಲಿ ಸ್ವಲ್ಪ ಎಣ್ಣೆ ಉಂಟು.
ಅದನ್ನ ನನ್ನ ಹತ್ರ ಕೇಳಬೇಡ."

ಮರುದಿನ ಮೂರನೆಯ ತಿರುವಿಗೆ ಸಿಳ್ಳೆ ಬಂತು,
ಹಲ್ಲಿನ ಸಂದಿಯಿಂದ ಬಂದಷ್ಟು ಸಣ್ಣದು.
ರೇಡಿಯೋ ಆರಿಸಿದೆ.

ಶಿರಸಿಯಲ್ಲಿ ಈಗ ಗಾಡಿ ನಿಲ್ಲಿಸಿ
ಇಂಜಿನ್ ಆರಿಸದೆ ಕೂರುತ್ತೇನೆ, ಅರವತ್ತು ಎಣಿಸುವವರೆಗೆ.
ಗಾಜು ಬಡಿಯುತ್ತಾರೆ, ಚೀಲ ತೋರಿಸುತ್ತಾರೆ.
ಎಂತ ಬಾಯಿ, ಇಳಿಯುವುದಿಲ್ವಾ?
ನಲವತ್ತೊಂದು, ಅನ್ನುತ್ತೇನೆ ಒಳಗಿಂದ.
ಮೊನ್ನೆ ಒಬ್ಬ ಅದನ್ನು ತಾರ್ಲೆಯ ರೇಟು ಎಂದುಕೊಂಡು
ನಾಲ್ಕು ಕಿಲೋ ಹಾಕು ಎಂದ.